ಹಗುರ ಚೀಲದ ಪುಣ್ಯ

ಲೆಕ್ಕ ಸುಲಭ. ನಾಲ್ಕು ಕುರ್ತಾ, ಮೂರು ಪ್ಯಾಂಟು, ಎರಡು ದುಪಟ್ಟಾ. ಬಣ್ಣಗಳು ಒಂದಕ್ಕೊಂದು ಒಗ್ಗುವಂತಿದ್ದರೆ ಒಂಬತ್ತು ಬಟ್ಟೆಯಲ್ಲಿ 24 ಬಗೆಯ ಉಡುಗೆ. ತಾಳೆಗರಿ ನೋಡಲು ಮೂಡುಬಿದಿರೆಗೋ ಧಾರವಾಡಕ್ಕೋ ಹತ್ತು ದಿನ ಹೋಗುವ ಸಂಶೋಧನಾ ವಿದ್ಯಾರ್ಥಿನಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ತ್ಯಾಗರಾಜನಗರದಿಂದ ಸೌತ್ ಎಂಡ್ ಸರ್ಕಲ್ ಮೆಟ್ರೊವರೆಗೆ ನಡೆದು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹಿಡಿಯುವವಳಿಗೆ ಒಂದೇ ಬೆನ್ನುಚೀಲ ಸಾಕೆನ್ನುವುದು ದೊಡ್ಡ ನೆಮ್ಮದಿಯೇ. ನನ್ನ ತಕರಾರು ಚೀಲದ ಬಗ್ಗೆ ಅಲ್ಲ, ಅದಕ್ಕೆ ಈಚೆಗೆ ಅಂಟಿಕೊಂಡಿರುವ ಪುಣ್ಯದ ಬಗ್ಗೆ.

'ಕ್ಯಾಪ್ಸೂಲ್ ವಾರ್ಡ್‌ರೋಬ್' ಎಂಬ ಮಾತನ್ನು 1970ರ ದಶಕದಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯ ಒಡತಿ ಸೂಸಿ ಫೋ ಜನಪ್ರಿಯಗೊಳಿಸಿದರು. 1985ರಲ್ಲಿ ಅಮೆರಿಕದ ವಿನ್ಯಾಸಕಿ ಡೊನ್ನಾ ಕ್ಯಾರನ್ ಒಂದರೊಡನೊಂದು ಹೊಂದುವ ಏಳು ಉಡುಪುಗಳನ್ನು ಮಾರುಕಟ್ಟೆಗೆ ತಂದರು. ಅದು ಕೆಲಸಕ್ಕೆ ಹೋಗುವ ಹೆಂಗಸರಿಗೆ ಅನುಕೂಲ, ಜೊತೆಗೆ ವ್ಯಾಪಾರ. ಅಷ್ಟೇ. ಈಗ ಮಾತು ಬದಲಾಗಿದೆ. ಕಡಿಮೆ ಹೊರುವವರು ಮೋಹ ಕಳೆದುಕೊಂಡವರಂತೆ, ಹೆಚ್ಚು ಹೊರುವವರು ಇನ್ನೂ ಪ್ರಪಂಚಕ್ಕೆ ಅಂಟಿಕೊಂಡವರಂತೆ. ನಮ್ಮ ಬೀದಿಯ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ದಿನಬಳಕೆಗೆ ನಾಲ್ಕೇ ಸೀರೆ. ಅವರನ್ನು ಯಾರೂ ಸರಳಜೀವಿ ಎಂದು ಹೊಗಳಿದ್ದು ಕೇಳಿಲ್ಲ. ಊರಲ್ಲಿ ತುಂಬಿದ ಬೀರು ಇದ್ದಾಗ ಮಾತ್ರ ಒಂಬತ್ತು ಬಟ್ಟೆ 'ಆಯ್ಕೆ' ಆಗುತ್ತದೆ.

ಬಟ್ಟೆಯನ್ನು ಮೋಹದ ಅಳತೆಗೋಲು ಮಾಡಬಹುದೇ ಎಂಬ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಇಲ್ಲಿ ಅದು ಮೋಕ್ಷದ ಪ್ರಶ್ನೆಯಾಗಿತ್ತು. ದಿಗಂಬರ ಜೈನರ ವಾದ ನೇರ: ಬಟ್ಟೆ ಪರಿಗ್ರಹ, ಪರಿಗ್ರಹ ಉಳಿದವರಿಗೆ ಮೋಕ್ಷವಿಲ್ಲ, ಹೆಂಗಸು ಬಟ್ಟೆ ಬಿಡುವಂತಿಲ್ಲ, ಆದ್ದರಿಂದ ಅವಳಿಗೆ ಈ ಜನ್ಮದಲ್ಲಿ ಮೋಕ್ಷವಿಲ್ಲ. ಇದನ್ನು ಒಪ್ಪದವರೂ ಈ ನೆಲದಲ್ಲೇ ಇದ್ದರು. ಯಾಪನೀಯ ಪಂಥದ ಮುನಿಗಳು ತಾವು ಬೆತ್ತಲೆಯಾಗಿದ್ದುಕೊಂಡೇ ಸ್ತ್ರೀಯರ ಮುಕ್ತಿಯ ಪರ ವಾದಿಸಿದರು. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ವೈಯಾಕರಣಿ ಶಾಕಟಾಯನ ಇದಕ್ಕಾಗಿಯೇ 'ಸ್ತ್ರೀನಿರ್ವಾಣಪ್ರಕರಣ' ಬರೆದ. ಅವನ ತರ್ಕ ನನಗೆ ಬಹಳ ಇಷ್ಟ. ಮುನಿಯ ಕೈಯಲ್ಲಿ ನವಿಲುಗರಿಯ ಪಿಂಛಿ ಇರುತ್ತದೆ. ಕೂರುವ ಮುನ್ನ ಸಣ್ಣ ಜೀವಿಗಳನ್ನು ನೋವಾಗದಂತೆ ಸರಿಸಲು. ಅದನ್ನು ಯಾರೂ ಆಸ್ತಿ ಎನ್ನುವುದಿಲ್ಲ, ವ್ರತದ ಸಾಧನ ಎನ್ನುತ್ತಾರೆ. ಹೆಂಗಸಿನ ಸೀರೆಯೂ ಹಾಗೆಯೇ, ಅವಳು ತನ್ನ ವ್ರತ ನಡೆಸಲು ಬೇಕಾದದ್ದು. ಪರಿಗ್ರಹ ಇರುವುದು 'ನನ್ನದು' ಎಂಬ ಭಾವದಲ್ಲಿ, ನೂಲಿನಲ್ಲಲ್ಲ.

ಬೌದ್ಧರ ವಿನಯ ಇಷ್ಟು ತರ್ಕ ಮಾಡದೆ ಭಿಕ್ಷುವಿಗೆ ಮೂರು ಚೀವರ, ಭಿಕ್ಷುಣಿಗೆ ಐದು ಎಂದು ಬರೆದಿಟ್ಟಿತು. ಹಗುರ ಪ್ರಯಾಣದ ಈಗಿನ ಪಟ್ಟಿಗಳಲ್ಲಿ ಇಷ್ಟು ವಿವೇಕವೂ ಕಾಣುವುದಿಲ್ಲ. ಮುಟ್ಟಿನ ದಿನಗಳಿಗೊಂದು ಹೆಚ್ಚಿನ ಜೊತೆ, ಮಠದ ಒಳಗೆ ಹೋಗಲು ಮೈತುಂಬ ಹೊದೆಯುವ ಬಟ್ಟೆ, ರಾತ್ರಿ ಬಸ್ಸಿನಲ್ಲಿ ಮುದುಡಿ ಕೂರಲು ಶಾಲು: ಇವೆಲ್ಲ ಪಿಂಛಿಯ ಜಾತಿಗೆ ಸೇರಿದವು. ಅವನ್ನು ಹೊತ್ತವಳಿಗೆ ಪಕ್ಕದ ಸೀಟಿನವನು ವೈರಾಗ್ಯ ಬೋಧಿಸಬೇಕಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಗಂಭೀರ. ಚೀಲದಿಂದ ತೆಗೆದ ಭಾರ ಎಲ್ಲೋ ಒಂದು ಕಡೆ ಇಳಿಯಲೇಬೇಕು. ಟವೆಲ್ಲು ತರದವರಿಗೆ ಆತಿಥೇಯರ ಟವೆಲ್ಲು ಬೇಕು. ಮೂರೇ ಜೊತೆ ತಂದವರಿಗೆ ಒಗೆಯುವ ಕಲ್ಲು, ನೀರು, ಹಗ್ಗ, ಹಲವು ಸಲ ಆ ಮನೆಯ ಹೆಂಗಸಿನ ಕೈ ಬೇಕು. ಬೆಂಗಳೂರಿನಲ್ಲಾದರೆ ಮರೆತದ್ದನ್ನೆಲ್ಲ ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಹುಡುಗನೊಬ್ಬ ದೊಡ್ಡ ಚೀಲ ಬೆನ್ನಿಗೆ ಕಟ್ಟಿಕೊಂಡು ಮೂರು ಮಹಡಿ ಹತ್ತಿ ಬರುತ್ತಾನೆ. ನನ್ನ ಚೀಲ ಹಗುರವಾಗಿದ್ದು ಅವನ ಬೆನ್ನು ಇರುವುದರಿಂದ.

ಅತ್ಯಂತ ಹಗುರ ಪ್ರಯಾಣಿಕರೆಂದರೆ ಶ್ರವಣಬೆಳಗೊಳಕ್ಕೆ ಬರಿಗಾಲಲ್ಲಿ ನಡೆದು ಬರುವ ಮುನಿಗಳೇ ಇರಬೇಕು. ಪಿಂಛಿ, ಕಮಂಡಲು, ಒಂದೆರಡು ಶಾಸ್ತ್ರಗ್ರಂಥ. ಆದರೆ ಅವರ ವಿಹಾರದ ಹಿಂದೆಮುಂದೆ ಶ್ರಾವಕರು ಪಾತ್ರೆ, ಧಾನ್ಯ ಹೊತ್ತು ಹೋಗುತ್ತಾರೆ. ಇದರಲ್ಲಿ ಕಪಟವೇನೂ ಇಲ್ಲ. ಆ ಪರಂಪರೆ ಹೊರುವವರನ್ನು ಮುಚ್ಚಿಡಲಿಲ್ಲ, ಅವರ ಕೆಲಸಕ್ಕೆ ಆಹಾರದಾನ ಎಂದು ಹೆಸರಿಟ್ಟು ಪುಣ್ಯದಲ್ಲಿ ಪಾಲು ಕೊಟ್ಟಿತು. ನಾವು ಹುಡುಗನ ಮುಖವನ್ನೂ ಸರಿಯಾಗಿ ನೋಡದೆ ಬಾಗಿಲು ಹಾಕಿಕೊಂಡು, ಎಷ್ಟು ಕಡಿಮೆಯಲ್ಲಿ ಬದುಕುತ್ತಿದ್ದೇವೆ ಎಂದು ಫೋಟೊ ಹಾಕುತ್ತೇವೆ.

ನಮ್ಮ ಮನೆ ಓನರ್ ಆಂಟಿಗೆ ಇಂಥ ಹಗುರದಲ್ಲಿ ನಂಬಿಕೆಯಿಲ್ಲ. ಅವರು ಕಾಶಿಗೆ ಹೋದಾಗ ಎರಡು ಮಡಿ ಸೀರೆ, ಮಾಮೂಲಿ ಸೀರೆ ಆರು, ಚೊಂಬು, ಅವಲಕ್ಕಿ, ಚಟ್ನಿಪುಡಿ ಎಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿ ತುಂಬಿಸಿದ್ದರಂತೆ. "ಸ್ಟೇಷನ್ನಲ್ಲಿ ಕೂಲಿಯೋನು ನೂರಿಪ್ಪತ್ತು ಕೇಳ್ದ ಕಣಮ್ಮ. ಎಂಬತ್ತಕ್ಕೆ ಒಪ್ಪಿಸ್ದೆ. ಅವ್ನು ಟ್ರಂಕು ತಲೆ ಮೇಲಿಟ್ಕೊಂಡು ಮೆಟ್ಲು ಹತ್ತೋವಾಗ ಹಿಂದಿನಿಂದ ನೋಡ್ತಾ ಹೋದೆ. ಮೇಲೆ ಹೋದ್ಮೇಲೆ ನಾನೇ ನೂರಿಪ್ಪತ್ತು ಕೊಟ್ಟೆ."