ಕೆರೆಯ ಬದಿಯ ಪ್ರಶ್ನೆ

ಬೆಳಗಿನ ನಡಿಗೆಯಷ್ಟು ವಿಶ್ವಾಸದ ಕೆಲಸ ಇನ್ನೊಂದಿಲ್ಲ. ನಾಳೆ ಇದೆ ಎಂದು ನಂಬದವರು ಯಾರೂ ಮುಂಜಾನೆ ಎದ್ದು ಬೂಟಿನ ದಾರ ಕಟ್ಟುವುದಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿತ್ಯ ನಡೆಯುವ ನಾವೆಲ್ಲ ಒಂದು ಬಗೆಯ ಚೌಕಾಸಿಗೆ ಇಳಿದವರು: ಇಂದಿನ ಒಂದು ಗಂಟೆಯನ್ನು ಕೊಟ್ಟು ಮುಂದಿನ ಕೆಲವು ವರ್ಷಗಳನ್ನು ಕೇಳುವವರು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಇದು. ಕುವೆಂಪು ನಡೆದಾಡಿದ ಏರಿ ಇದು. ಕಟ್ಟಿಸಿದ ಅರಸರಿಲ್ಲ, ನಡೆದ ಕವಿಯಿಲ್ಲ, ಏರಿಯಿದೆ, ನಡೆಯುವವರಿದ್ದಾರೆ. ಹೀಗೆಲ್ಲ ಯೋಚಿಸಿ ವಿಷಾದಪಡುವುದು ಸುಲಭ, ಹಿತವೂ ಹೌದು. ಅಂಥ ಹಿತವಾದ ವಿಷಾದದಲ್ಲಿ ನಾನು ಅನೇಕ ಬೆಳಗುಗಳನ್ನು ಕಳೆದಿದ್ದೇನೆ. ಅನಿತ್ಯವನ್ನು ಕುರಿತು ಯೋಚಿಸುವುದು ಬೇರೆ, ಅದು ಕಾಲ ಬುಡದಲ್ಲಿ ಬಂದು ಬೀಳುವುದು ಬೇರೆ.

ದಸರೆಗೆ ಮುಂಚಿನ ಒಂದು ಮುಂಜಾನೆ, ಗೇಟಿನಾಚೆಯ ರಸ್ತೆಯಲ್ಲಿ, ನನಗಿಂತ ಸ್ವಲ್ಪ ಮುಂದೆ ಹೋಗುತ್ತಿದ್ದ ಹಿರಿಯರೊಬ್ಬರು ಕುಸಿದರು. ಎಡವಿದವರು ಬೀಳುವಂತೆ ಅಲ್ಲ. ಕೈ ಚಾಚಿ ನೆಲವನ್ನು ತಡೆಯುವ ಪ್ರಯತ್ನವೇ ಇಲ್ಲದೆ. ಹಿಡಿದಿದ್ದ ಪ್ಲಾಸ್ಟಿಕ್ ಕವರಿನಿಂದ ಹೂ ಚೆಲ್ಲಿತು: ದಾಸವಾಳ, ನಂದಿಬಟ್ಟಲು, ಒಂದು ಹಿಡಿ ಪಾರಿಜಾತ. (ವಾಕಿಂಗ್ ಹೋದವರು ಪರರ ಕಾಂಪೌಂಡಿನಿಂದ ಪೂಜೆಗೆ ಹೂ ಕೊಯ್ಯುವುದನ್ನು ನಮ್ಮೂರಿನಲ್ಲಿ ಯಾರೂ ಕಳವೆನ್ನುವುದಿಲ್ಲ, ಗಿಡದ ಒಡೆಯರ ಹೊರತು.) ಜನ ಸೇರಿದರು. ಒಬ್ಬರು ಬೀಗದಕೈ ಗೊಂಚಲನ್ನು ಅವರ ಅಂಗೈಯಲ್ಲಿಟ್ಟು ಮುಚ್ಚಿದರು, ಇನ್ನೊಬ್ಬರು ಮುಖಕ್ಕೆ ನೀರು ಚಿಮುಕಿಸಿದರು. “ಗಾಳಿ ಬಿಡಿ, ಗಾಳಿ ಬಿಡಿ” ಎಂದವರೇ ಹತ್ತಿರ ಬಂದು ಬಗ್ಗಿದರು. ನಾಲ್ಕಾರು ಮಂದಿ ಒಟ್ಟಿಗೇ 108ಕ್ಕೆ ಫೋನು ಮಾಡಿದರು. ಬಿದ್ದವರ ಗಂಟಲಿನಿಂದ ಬಿಟ್ಟು ಬಿಟ್ಟು ಗೊರಕೆಯಂಥ ಸದ್ದು. “ಉಸಿರಾಡ್ತಿದ್ದಾರೆ, ಏನೂ ಆಗಲ್ಲ” ಎಂದರು ಯಾರೋ. “ಇಲ್ಲ ಅಂಕಲ್, ಅದು ಉಸಿರಲ್ಲ” ಎಂದಳು, ಓಡಲು ಬಂದಿದ್ದ ಹುಡುಗಿಯೊಬ್ಬಳು. ಹೇಳುತ್ತಲೇ ಮಂಡಿಯೂರಿ, ಅಂಗೈ ಮೇಲೆ ಅಂಗೈಯಿಟ್ಟು, ಎದೆಯ ನಟ್ಟನಡುವೆ ಒತ್ತತೊಡಗಿದಳು.

ಅವಳ ಮಾತು ಸರಿಯಾಗಿತ್ತು. ಹೃದಯ ನಿಂತ ಮೇಲೂ ಕೆಲವರಲ್ಲಿ ಸ್ವಲ್ಪ ಹೊತ್ತು ಅಂಥ ಏದುಸಿರು ಕಾಣಿಸಿಕೊಳ್ಳುತ್ತದೆ. ಅದು ಬದುಕಿನ ಸದ್ದೆಂದು ಸುತ್ತಲಿನವರು ಸುಮ್ಮನೆ ನಿಂತುಬಿಡುತ್ತಾರೆ. ರಕ್ತ ಹರಿಯದಿದ್ದರೆ ಮಿದುಳು ತಾಳುವುದು ನಾಲ್ಕರಿಂದ ಆರು ನಿಮಿಷ. ಆ ನಿಮಿಷಗಳಲ್ಲಿ ಎದೆಯನ್ನು ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕೆಂಬುದು ಇಂದಿನ ಕ್ರಮ. ಎದೆಯನ್ನು ಒತ್ತಿದರೆ ನಿಂತ ಹೃದಯದ ಕೆಲಸವನ್ನು ಹೊರಗಿನ ಕೈಗಳು ಒಂದಿಷ್ಟು ಮಾಡಬಲ್ಲವು ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಮೂವರು ತೋರಿಸಿಕೊಟ್ಟದ್ದು 1960ರಲ್ಲಿ. ಅವರಲ್ಲಿಬ್ಬರು ವೈದ್ಯರೇ ಅಲ್ಲ, ವಿದ್ಯುತ್ ಎಂಜಿನಿಯರುಗಳು. ಅದಕ್ಕೆ ಮುಂಚೆ ದಾರಿಹೋಕನಿಗೆ ಉಳಿದಿದ್ದುದು ತುಟಿಗೆ ನೀರು ಬಿಡುವುದು, ಕಣ್ಣು ಮುಚ್ಚುವುದು. ತಲೆಮಾರುಗಳು ಮುಗಿಯಿತೆಂದು ಕೈಬಿಟ್ಟಿದ್ದ ಆ ಕೆಲವು ನಿಮಿಷಗಳು ಈಗ ಯಾರಾದರೂ ಏನಾದರೂ ಮಾಡಬಹುದಾದ ನಿಮಿಷಗಳು. ಎಲ್ಲವೂ ಅಸ್ಥಿರ ಎನ್ನುವಾಗ ಸಾವೊಂದನ್ನೇ ನಾವು ಸ್ಥಿರವೆಂದು ಬಿಟ್ಟಿರುತ್ತೇವೆ. ಅದರ ಗಡಿಯೂ ಸರಿದಿದೆ, ಒಂದು ಗೇಣಿನಷ್ಟಾದರೂ.

ಹುಡುಗಿ ದಣಿದಾಗ ಹಾಲಿನ ಗಾಡಿಯವನು ಅವಳಿಂದ ಕೇಳಿಕೊಂಡು ಒತ್ತಿದ. ಅವನು ದಣಿದಾಗ ಮತ್ತೆ ಅವಳು. ಸುತ್ತ ನಿಂತವರ ಪೈಕಿ ಒಬ್ಬರಿಗೂ ಆ ಹಿರಿಯರ ಹೆಸರು ಗೊತ್ತಿರಲಿಲ್ಲ. ಆದರೂ ಅಷ್ಟು ಹೊತ್ತು ಅಲ್ಲಿದ್ದ ಎಲ್ಲರ ಆಸೆಯೂ ಒಂದೇ ಆಗಿತ್ತು: ಈ ಮನುಷ್ಯ ಉಳಿಯಲಿ. ಆಂಬುಲೆನ್ಸ್ ಬಂತು, ಹೋಯಿತು. ದಾರಿಯಲ್ಲೇ ತೀರಿಕೊಂಡರಂತೆ ಎಂದು ಮಾರನೆಯ ದಿನ ಟೀ ಅಂಗಡಿಯಲ್ಲಿ ತಿಳಿಯಿತು.

ರಸ್ತೆಯಲ್ಲಿ ಉಳಿದದ್ದು ಒಂದು ಜೊತೆ ಚಪ್ಪಲಿ, ತುಳಿತಕ್ಕೆ ಸಿಕ್ಕ ಹೂ. ಗುಡಿಸುತ್ತ ಬಂದ ಪೌರಕಾರ್ಮಿಕ ಹೆಂಗಸು ಎರಡರ ಮುಂದೆಯೂ ನಿಂತರು. ಚಪ್ಪಲಿಯನ್ನು ಎತ್ತಿ ಪಕ್ಕದ ಗೋಡೆಯ ಮೇಲೆ ಜೋಡಿಸಿಟ್ಟರು. “ಮನೇವ್ರು ಹುಡುಕ್ಕೊಂಡು ಬಂದ್ರೆ ಇರ್ಲಿ ಸಾ” ಎಂದರು. ಹೂವನ್ನು ಗಾಡಿಗೆ ಹಾಕದೆ ಮರದ ಬುಡಕ್ಕೆ ಸರಿಸಿದರು. ದೇವರ ತಲೆಗೆ ಏರಬೇಕಿದ್ದದ್ದು ಕಸವಾಗಲು ಹತ್ತು ನಿಮಿಷ ಸಾಕಾಯಿತು. ಆದರೆ ಪೂರ್ತಿ ಕಸವಾಗಲು ಆಕೆ ಬಿಡಲಿಲ್ಲ. ನೆಲಕ್ಕೆ ಬಿದ್ದ ಮೇಲೂ ಪೂಜೆಗೆ ಸಲ್ಲುವ ಹೂ ಪಾರಿಜಾತ ಎನ್ನುತ್ತಾರೆ. ಆ ನೇಮವನ್ನು ಆಕೆ ದಾಸವಾಳಕ್ಕೂ ಹಿಗ್ಗಿಸಿದ್ದರೆಂದು ತೋರುತ್ತದೆ. ಊರಿನ ಕಸವನ್ನೆಲ್ಲ ದಿನವೂ ಕಾಣುವವರಿಗೆ ಯಾವುದು ಕಸವಲ್ಲ ಎಂಬುದು ನಮಗಿಂತ ಚೆನ್ನಾಗಿ ತಿಳಿದಿರಬಹುದು.

ನಾವು ಚದುರಿದೆವು. ಕೆಲವರು ಕಾಫಿಗೆ, ಕೆಲವರು ಇನ್ನೊಂದು ಸುತ್ತಿಗೆ. ನಾನೂ ಕಾಫಿ ಕುಡಿದೆ, ರುಚಿಯೂ ಗೊತ್ತಾಯಿತು. ಇದನ್ನು ನಿಷ್ಠುರತೆ ಎನ್ನಲಾರೆ. ಪ್ರತಿ ಸಾವಿಗೂ ನಿಂತುಬಿಟ್ಟರೆ ಲೋಕಕ್ಕೆ ನಡೆಯಲಾಗದು. ನನ್ನನ್ನು ಕಾಡಿದ್ದು ಬೇರೆ. ಅಷ್ಟು ಜನರ ಅಷ್ಟು ತೀವ್ರವಾದ ಆಸೆ ಕಾಲು ಗಂಟೆಯೂ ಬಾಳಲಿಲ್ಲ, ಫಲಿಸಲೂ ಇಲ್ಲ. ಬಾಳದ್ದಕ್ಕೆ, ಫಲಿಸದ್ದಕ್ಕೆ ಬೆಲೆ ಏನು? ಬಹುಕಾಲ ಉಳಿದದ್ದೇ ಬೆಲೆಯುಳ್ಳದ್ದು ಎಂಬ ಲೆಕ್ಕ ನಮ್ಮಲ್ಲಿ ಎಷ್ಟು ಬಲವಾಗಿದೆ ಎಂದರೆ, ಉಳಿಯಬೇಕೆಂದಾಗಲೆಲ್ಲ ಕಲ್ಲಿಗೆ ಕೈ ಹಾಕಿದ್ದೇವೆ.

ಇದೇ ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ಒಂಬತ್ತನೆಯ ಶತಮಾನದ ಒಂದು ಕಲ್ಲು ದೊರೆತಿದೆ. ಅದರಲ್ಲಿ ಕಡೆದಿರುವುದು ಗೆದ್ದ ಯುದ್ಧವನ್ನಲ್ಲ, ಒಂದು ಸಾವಿನ ಹಾಸಿಗೆಯನ್ನು: ಕಡೆಗಾಲದಲ್ಲಿರುವ ಗಂಗ ಅರಸ ನೀತಿಮಾರ್ಗ, ಬಳಿಯಲ್ಲಿ ಅವನ ನಂಬಿಕೆಯ ಅಗರಯ್ಯ. ಅಗರಯ್ಯನಿಂದ ಅರಸ ಉಳಿಯಲಿಲ್ಲ. ಗಂಗರ ರಾಜ್ಯವೂ ಉಳಿಯಲಿಲ್ಲ. ಆದರೂ ಸಾಯುವವನ ಪಕ್ಕದಲ್ಲಿ ಯಾರಿದ್ದರು ಎಂಬುದು ಉಳಿಸಿಕೊಳ್ಳತಕ್ಕ ಸಂಗತಿ ಎಂದು ಆ ಕಾಲಕ್ಕೆ ಅನ್ನಿಸಿತ್ತು. ಆ ಹುಡುಗಿಗೆ ಕಲ್ಲಿಲ್ಲ. ಅವಳ ಹೆಸರನ್ನೂ ನಾವು ಕೇಳಲಿಲ್ಲ. ಕಲ್ಲಿದ್ದರೆ ಅವಳು ಮಾಡಿದ್ದಕ್ಕೆ ಏನಾದರೂ ಕೂಡುತ್ತಿತ್ತೇ ಎಂದರೆ, ಕೂಡುತ್ತಿರಲಿಲ್ಲ ಎಂದೇ ನನಗೆ ತೋರುತ್ತದೆ. ಕಲ್ಲು ಬೇಕಾಗುವುದು ನೋಡಿ ಚದುರಿದ ನಮ್ಮಂಥವರಿಗೆ.

ಅನಿತ್ಯದ ಮಾತು ಬಂದಾಗ ಯಕ್ಷಪ್ರಶ್ನೆಯನ್ನು ಎತ್ತುವುದು ನಮ್ಮ ಹಿರಿಯರ ರೂಢಿ. ಅತ್ಯಂತ ಸೋಜಿಗದ ಸಂಗತಿ ಯಾವುದೆಂದು ಯಕ್ಷ ಕೇಳಿದ. ದಿನದಿನವೂ ಜೀವಿಗಳು ಯಮನ ಮನೆಗೆ ಹೋಗುತ್ತಿರುವುದನ್ನು ಕಂಡೂ ಉಳಿದವರು ತಾವು ಸ್ಥಿರವಾಗಿರಲು ಬಯಸುತ್ತಾರೆ, ಅದೇ ಸೋಜಿಗ ಎಂದ ಧರ್ಮರಾಯ. ಅದನ್ನು ನಾನು ಬಹುಕಾಲ ನಮ್ಮ ಮೇಲಿನ ಆಕ್ಷೇಪವೆಂದೇ ಓದಿದ್ದೆ. ಆದರೆ ರಸ್ತೆಯಲ್ಲಿ ಕಂಡ ಬಯಕೆ ಆ ಉತ್ತರದಲ್ಲಿ ಅಡಗುವುದಿಲ್ಲ. ಅಲ್ಲಿ ಯಾರೂ ತಾವು ಉಳಿಯಬೇಕೆಂದು ಒತ್ತುತ್ತಿರಲಿಲ್ಲ, ಗುರುತಿಲ್ಲದ ಇನ್ನೊಬ್ಬ ಉಳಿಯಬೇಕೆಂದು ಒತ್ತುತ್ತಿದ್ದರು. ಧರ್ಮರಾಯನೂ ಉತ್ತರ ಹೇಳಿದ್ದು ಆಸನದ ಮೇಲೆ ಕುಳಿತಲ್ಲ. ನೀರ ದಡದಲ್ಲಿ, ನಾಲ್ವರು ತಮ್ಮಂದಿರು ಸತ್ತು ಬಿದ್ದಿರುವಾಗ. ಎಲ್ಲ ಉತ್ತರಗಳೂ ಮುಗಿದ ಮೇಲೆ, ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದ ಯಕ್ಷ. ಸಾವು ನಿಯತವೆಂದು ಆಗತಾನೆ ಹೇಳಿದ್ದವನು ಯಾರೂ ಬೇಡ ಎನ್ನಲಿಲ್ಲ. ಒಡಹುಟ್ಟಿದ ಭೀಮಾರ್ಜುನರಿದ್ದರೂ ಮಾದ್ರಿಯ ಮಗ ನಕುಲನನ್ನು ಕೇಳಿದ.