ಆಮೇಲೆ ಕೋಟೆ ಏನಾಯಿತು?

ರಾಜ್ಯೋತ್ಸವ ಹತ್ತಿರ ಬಂತೆಂದರೆ ಮಿಯಾಪುರದ ನಮ್ಮ ಕನ್ನಡ ಮನೆಗಳಲ್ಲಿ ಒನಕೆಗಾಗಿ ಹುಡುಕಾಟ ಆರಂಭವಾಗುತ್ತದೆ. ಒನಕೆ ಈಗ ಯಾರ ಮನೆಯಲ್ಲಿದೆ? ಕೊನೆಗೆ ನೀರಿನ ಪೈಪಿಗೆ ರಟ್ಟು ಸುತ್ತಿ ಬಣ್ಣ ಬಳಿಯುತ್ತೇವೆ. ಓಬವ್ವನ ಹಾಡಿಗೆ ಮಕ್ಕಳು ಕುಣಿಯಬೇಕಲ್ಲ! ಈ ಸಲ ಅಭ್ಯಾಸದ ಹೊತ್ತಿನಲ್ಲಿ, ಶತ್ರು ಸೈನಿಕನಾಗಿ ಸತ್ತು ಬಿದ್ದಿದ್ದ ಹುಡುಗನೊಬ್ಬ ಎದ್ದು ಕುಳಿತು, “ಅಂಕಲ್, ಆಮೇಲೆ ಕೋಟೆ ಉಳೀತಾ?” ಎಂದು ಕೇಳಿಬಿಟ್ಟ. ದೊಡ್ಡವರಾದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಕೋಟೆ ಉಳಿಯಲಿಲ್ಲ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು. ಮದಕರಿ ನಾಯಕ ಸೆರೆಯಾದ. ಹಾಡು ಮಾತ್ರ ಅಷ್ಟು ದೂರ ಹೋಗುವುದಿಲ್ಲ.

ಕಥೆಯೆಂಬುದು ಒಂದು ಸಮಸ್ಥಿತಿಯಲ್ಲಿ ಆರಂಭವಾಗಿ, ಅದು ಕದಡಿ, ಮತ್ತೊಂದು ಸಮಸ್ಥಿತಿಗೆ ಬಂದು ನಿಲ್ಲುತ್ತದೆ ಎಂದು ತೊದೊರೊವ್ ಎಂಬ ವಿದ್ವಾಂಸ ಹೇಳಿದ್ದಾನೆ. ಹಾಡಿನ ಚಿತ್ರಗಳನ್ನೂ ಈ ಅಳತೆಗೋಲಿನಿಂದ ಅಳೆಯುವುದುಂಟು. ಓಬವ್ವನ ಹಾಡಿಗೆ ಅದು ಚೆನ್ನಾಗಿ ಒಪ್ಪುತ್ತದೆ: ಗಂಡನ ಊಟದ ಹೊತ್ತು, ನೀರಿಗೆ ಹೋದ ಹೆಂಡತಿ, ಕಿಂಡಿಯಲ್ಲಿ ತೂರುವ ವೈರಿ, ಒನಕೆಯ ಪೆಟ್ಟು. ಆದರೆ ಕೊನೆಯ ಸಮಸ್ಥಿತಿ ಯಾವುದು ಎಂಬುದನ್ನು ಕಥೆ ತಾನೇ ನಿರ್ಧರಿಸುವುದಿಲ್ಲ. ಕತ್ತರಿ ಹಿಡಿದವನು ನಿರ್ಧರಿಸುತ್ತಾನೆ.

ಈ ಹಾಡು 1972ರ ‘ನಾಗರಹಾವು’ ಚಿತ್ರದ್ದೆಂಬುದು ನಮ್ಮ ಮಕ್ಕಳಲ್ಲಿ ಹಲವರಿಗೆ ತಿಳಿಯದು. ಪುಟ್ಟಣ್ಣ ಕಣಗಾಲರು ಅದನ್ನು ಒಂದು ದುರಂತದ ನಡುವೆ ಇಟ್ಟಿದ್ದರು; ಅದೇ ದುರ್ಗದ ಬೆಟ್ಟದ ಮೇಲೆ ರಾಮಾಚಾರಿಯ ಬಾಳೂ ಮುಗಿಯುತ್ತದೆ. ದೂರದರ್ಶನದ ಚಿತ್ರಮಂಜರಿಯಲ್ಲಿ ಹಾಡು ಬಿಡಿಯಾಗಿ ಬಂತು, ಈಗ ಮೊಬೈಲಿನಲ್ಲಿ ಇನ್ನೂ ಬಿಡಿಯಾಗಿದೆ. ಜಯಂತಿಯವರ ಉಗ್ರರೂಪ, ಪಿ.ಬಿ. ಶ್ರೀನಿವಾಸರ ಕಂಠ, ಅಲ್ಲಿಗೆ ಎಲ್ಲವೂ ಜಯ. ಆ ಚಿತ್ರಕ್ಕೆ ಆಧಾರವಾದ ಕಾದಂಬರಿಗಳನ್ನು ಬರೆದ ತ.ರಾ.ಸು. ಅವರೇ ಕೋಟೆಯ ಪತನವನ್ನು ‘ದುರ್ಗಾಸ್ತಮಾನ’ದಲ್ಲಿ ವಿಸ್ತಾರವಾಗಿ ಬರೆದರು, 1985ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಅಷ್ಟು ದೊಡ್ಡ ಪುಸ್ತಕಕ್ಕೆ ಮಕ್ಕಳನ್ನು ಕುಣಿಸುವವರಾರು?

ಹಾಗಾದರೆ ನಾವು ಸುಳ್ಳು ಹೇಳುತ್ತಿದ್ದೇವೆಯೇ? ಎಲ್ಲಿಯಾದರೂ ನಿಲ್ಲಿಸದೆ ಕಥೆ ಹೇಳಲಾಗದು, ನಿಲ್ಲಿಸುವುದೇ ಸುಳ್ಳಲ್ಲ. ಮುಂದಿನದು ನಮಗೆ ಗೊತ್ತಿದ್ದು, ಕೇಳುವವನಿಗೆ ಗೊತ್ತಿಲ್ಲದಿದ್ದು, ಅವನು ತಪ್ಪು ತಿಳಿಯುವುದೇ ನಮಗೆ ಹಿತವಾಗಿದ್ದಾಗ ಅದು ಸುಳ್ಳಿಗೆ ತೀರ ಹತ್ತಿರ ಬರುತ್ತದೆ. ಊರು ಬಿಟ್ಟು ಬಂದ ನಾವು ಇದರಲ್ಲಿ ನಿಪುಣರು. ಊರಿನ ಜಾತ್ರೆ, ತೋಟ, ಅಜ್ಜಿಯ ಕೈರುಚಿ ಎಲ್ಲವನ್ನೂ ಹೇಳುತ್ತೇವೆ; ಏಕೆ ಬಿಟ್ಟುಬಂದೆವೆಂಬ ಭಾಗ ಬಂದಾಗ ಹಾಡು ಮುಗಿದಿರುತ್ತದೆ.

ಮುಂದಿನ ಭಾನುವಾರ ಹುಡುಗನಿಗೆ ನಿಜ ಹೇಳಿದೆವು. ಆತ ಸ್ವಲ್ಪ ಹೊತ್ತು ಯೋಚಿಸಿ, “ಅವಳಿಗೆ ಗೊತ್ತಿತ್ತಾ, ಆಮೇಲೆ ಸೋಲ್ತೀವಿ ಅಂತ?” ಎಂದ. ಗೊತ್ತಿರಲಿಲ್ಲ, ಗೊತ್ತಿದ್ದರೂ ಹೊಡೆಯುತ್ತಿದ್ದಳೇನೋ ಎಂದೆವು. ಕೋಟೆ ಉಳಿದರೆ ಮಾತ್ರ ಆಕೆಯ ಪೆಟ್ಟಿಗೆ ಬೆಲೆ ಎನ್ನುವಂತೆ ಇಷ್ಟು ವರ್ಷ ನಾವು ಕುಣಿಸಿದ್ದೆವಲ್ಲ ಎಂದು ಆಗ ನಮಗೇ ನಾಚಿಕೆಯಾಯಿತು.

ಈ ಸಲ ನೃತ್ಯ ಮುಗಿದ ಮೇಲೆ ಆ ಸತ್ತ ಸೈನಿಕನೇ ಎದ್ದು ಬಂದು 1779ರ ಮಾತು ಹೇಳಬೇಕೆಂದು ನಿಶ್ಚಯಿಸಿದ್ದೇವೆ. ಹಬ್ಬದ ದಿನ ಸೋಲಿನ ಸುದ್ದಿ ಏಕೆಂದು ಕೆಲವು ಹಿರಿಯರ ಆಕ್ಷೇಪಣೆಯಿದೆ. ಹುಡುಗನಂತೂ ಮಾತನ್ನು ಬಾಯಿಪಾಠ ಮಾಡಿಕೊಂಡು ಕುಳಿತಿದ್ದಾನೆ.