ಹಳೆಯ ತಂಬೂರಿಯ ಹೊಳಪು ಮತ್ತು ಪ್ರತಿರೂಪಕ ವ್ಯವಹಾರ

ಗೃಹಸ್ಥ ಶ್ರಾವಕನ ಅಚೌರ್ಯಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ನಕಲನ್ನು ಅಸಲೆಂದು ಕೊಟ್ಟು ವಂಚಿಸುವುದು ಇದರ ಅರ್ಥ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೃತ್ರಿಮ ಚಿನ್ನವೇ ಮೊದಲಾದವುಗಳನ್ನು ಉದಾಹರಿಸುತ್ತಾರೆ. ಚಿನ್ನಕ್ಕೆ ಒರೆಗಲ್ಲುಂಟು, ಧಾನ್ಯಕ್ಕೆ ತಕ್ಕಡಿಯುಂಟು. ಆದರೆ ಹಳೆಯದೆಂಬುದರಿಂದಲೇ ಬೆಲೆಯುಳ್ಳ ವಸ್ತುವೊಂದಕ್ಕೆ ಹೊಸ ಹೊಳಪು ಕೊಟ್ಟು ಮಾರಿದರೆ ಅದು ಅತಿಚಾರವೇ? ವಸ್ತು ಅಸಲಿಯೇ ಹೌದು, ಮೇಲಿನ ಲೇಪ ಮಾತ್ರ ನಿನ್ನೆಯದು.

ಗದಗ ಜಿಲ್ಲೆಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. 1922ರಲ್ಲಿ ಭೀಮಸೇನ ಜೋಶಿಯವರು ಜನಿಸಿದ ಸೀಮೆಯಿದು; ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಸ್ವರಜ್ಞಾನವನ್ನಿತ್ತ ನಾಡು. ರೋಣ, ನರಗುಂದ, ಗಜೇಂದ್ರಗಡದ ಸುತ್ತಲಿನ ಊರುಗಳ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ತಂಬೂರಿಯೊಂದು ಬಟ್ಟೆ ಸುತ್ತಿಕೊಂಡು ಕುಳಿತಿರುವುದು ಅಪರೂಪವಲ್ಲ. ಇಟಗಿಯ ಒಂದು ಮನೆಯಲ್ಲಿ ಅಂಥದೊಂದು ಇದೆಯೆಂದು ಭಾವಿಸಬಹುದು. (ಮಹಾದೇವ ದೇವಾಲಯದ ಇಟಗಿ ಕೊಪ್ಪಳ ಜಿಲ್ಲೆಯದು, ಇದು ಭೀಮಾಂಬಿಕೆಯ ಇಟಗಿ. ಊರಿನ ಹೆಸರಿನಲ್ಲಿಯೂ ಗ್ರಾಹಕನು ವಿಚಾರಿಸಿಯೇ ನಡೆಯಬೇಕು!) ಅಜ್ಜನು ಮಿರಜದಿಂದ ತರಿಸಿದ ವಾದ್ಯ, ಮೊಮ್ಮಕ್ಕಳಲ್ಲಿ ಹಾಡುವವರಿಲ್ಲ, ಕೊಳ್ಳುವವನು ಬಂದಿದ್ದಾನೆ. ಮಿರಜದ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತ ಮೇಲೆ ಅಲ್ಲಿಯ ವಾದ್ಯವೆಂಬ ಮಾತಿಗೆ ತೂಕ ಹೆಚ್ಚಿದೆ. ತೂಕ ಹೆಚ್ಚಿದಲ್ಲಿ ಆಸೆಯೂ ಹೆಚ್ಚುತ್ತದೆ.

ವಾದ್ಯವನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಮೊದಲು ಬುರುಡೆ. ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿದರೆ ಸರಿಯಾದ ಬುರುಡೆ ತುಂಬಿದ ದನಿ ಕೊಡುತ್ತದೆ, ಸೀಳಿದ್ದು ಕರಕರ ಎನ್ನುತ್ತದೆ. ಅನಂತರ ಬುರುಡೆಯ ಬಾಯಿ ಮುಚ್ಚಿದ ತಬಲಿ. ತಂತಿಗಳ ಭಾರಕ್ಕೆ ಅದು ಕುದುರೆಯ ಕೆಳಗೆ ಕುಸಿದಿದೆಯೇ ಎಂಬುದನ್ನು ಪಕ್ಕದಿಂದ ಕಣ್ಣಳತೆಯಲ್ಲಿ ನೋಡಬೇಕು. ದಂಡಿ ಬಾಗಿದೆಯೇ, ದಂಡಿ ಬುರುಡೆಗಳ ಕೂಡುಗೆ ಬಾಯಿ ಬಿಟ್ಟಿದೆಯೇ, ಬಿರಡೆಗಳು ಹಿಡಿದು ನಿಲ್ಲುತ್ತವೆಯೇ ಎಂಬುದು ಮುಂದಿನದು. ತಂತಿ ಬದಲಿಸಿರುವುದು, ಜವಾರಿ ತೆಗೆಸಿರುವುದು ದೋಷವಲ್ಲ. ನುಡಿಸಿದ ವಾದ್ಯಕ್ಕೆ ಅವು ಸಹಜ.

ಕೊನೆಯದು ಮತ್ತು ಕಠಿಣವಾದುದು ಹೊಳಪಿನ ಪರೀಕ್ಷೆ. ದೀಪವನ್ನು ಅಡ್ಡಕ್ಕೆ ಹಿಡಿದರೆ ಮೇಲ್ಮೈಯ ಏರುತಗ್ಗು ಕಾಣುತ್ತದೆ. ಹಳೆಯ ಅರಗಿನ ಪಾಲಿಶ್ ಕಾಲಕ್ರಮದಲ್ಲಿ ಕಪ್ಪಡರುತ್ತದೆ, ಕೂದಲೆಳೆಯಂತೆ ಬಿರಿಯುತ್ತದೆ, ತೇವ ತಗಲಿದಲ್ಲಿ ಬಿಳಿಚಿಕೊಳ್ಳುತ್ತದೆ. ನುಡಿಸುವ ಕೈ ಒರಗುವಲ್ಲಿ, ದಂಡಿ ಭುಜಕ್ಕೆ ತಾಗುವಲ್ಲಿ ಅದು ಸವೆದಿರಲೇಬೇಕು. ಎಲ್ಲೆಡೆ ಒಂದೇ ಸಮನಾಗಿ ಹೊಳೆಯುವ ಹಳೆಯ ತಂಬೂರಿ ಸಂಶಯಾಸ್ಪದ. ಬಿರುಕಿನ ಅಂಚನ್ನೂ ನೋಡಬೇಕು. ಅಂಚು ಚೂಪಾಗಿದ್ದು ಒಳಗೆ ಬರಿಯ ಮರ ಕಂಡರೆ ಬಿರುಕು ಪಾಲಿಶ್‌ಗಿಂತ ಈಚಿನದು. ಲೇಪವು ಅಂಚಿನ ಮೇಲೆ ಇಳಿದು ಒಳಗೆ ತುಂಬಿದ್ದರೆ ಬಿರುಕು ಮೊದಲು, ಪಾಲಿಶ್ ಆಮೇಲೆ. ವಾದ್ಯದ ಮೈಯೇ ಒಂದು ಖಾತೆಪುಸ್ತಕ. ಮರುಪಾಲಿಶ್ ಎಂದರೆ ಬರೆದ ಪುಟಕ್ಕೆ ಮಸಿ ಬಳಿದಂತೆ.

ಹಾಗೆಂದು ದುರಸ್ತಿಯೆಲ್ಲ ಪಾಪವೆಂದು ಹೇಳಲಾಗದು. ಒಡೆದ ಬುರುಡೆಯನ್ನು ಕೂಡಿಸಿ ನುಡಿಸುವುದು ವಾದ್ಯಕ್ಕೆ ಮಾಡುವ ಉಪಕಾರ. ದುರಸ್ತಿಯನ್ನು ಮರೆಮಾಡಲೆಂದೇ ಬಳಿದ ಲೇಪ ಬೇರೆ ಜಾತಿಯದು. ಪಶ್ಚಿಮದ ಗಿಟಾರ್ ಸಂಗ್ರಾಹಕರು ಇದನ್ನು ಚೆನ್ನಾಗಿ ಬಲ್ಲರು: ಗೀರುಬಿದ್ದು ಹಳದಿಗಟ್ಟಿದ ಮೂಲ ಲೇಪದ ಗಿಟಾರಿಗಿಂತ ಹೊಸ ಲೇಪ ಕಂಡ ಹಳೆಯ ಗಿಟಾರಿಗೆ ಅವರು ಬಹಳ ಕಡಿಮೆ ಕೊಡುತ್ತಾರೆ. ಅಮೆರಿಕದಲ್ಲಿ 1990ರ ದಶಕದಿಂದ ಹೊಸ ಗಿಟಾರನ್ನೇ ಬೇಕೆಂದು ಸವೆಸಿ, ಹಳೆಯದರ ರೂಪದಲ್ಲಿ ಮಾರುವ ಪದ್ಧತಿಯೂ ಇದೆ. ತಯಾರಕನು ಅದನ್ನು ಬಾಯಿಬಿಟ್ಟು ಹೇಳಿಯೇ ಮಾರುವುದರಿಂದ ಅವನಲ್ಲಿ ಕಪಟವಿಲ್ಲ. ಅದೇ ಗಿಟಾರು ಎರಡನೆಯವನ ಕೈಯಿಂದ ಮೂರನೆಯವನಿಗೆ ಮೌನದಲ್ಲಿ ದಾಟಿದಾಗ ಪ್ರತಿರೂಪಕ ವ್ಯವಹಾರ ಹುಟ್ಟುತ್ತದೆ. ದೋಷವಿರುವುದು ಲೇಪದಲ್ಲಲ್ಲ, ಮೌನದಲ್ಲಿ.

ಅಹಿಂಸೆಯ ದೃಷ್ಟಿಯಿಂದ ನೋಡಿದರೆ ಲೇಪದಲ್ಲಿಯೂ ದೋಷವುಂಟು. ಅರಗು ಮರದ ಅಂಟಲ್ಲ. ಮರದ ಕೊಂಬೆಗಳ ಮೇಲೆ ನೆಲೆಸುವ ಕೀಟಗಳ ಸ್ರಾವ. ಕೊಂಬೆ ಕೆರೆದು ಕಾಯಿಸಿ ಸೋಸುವಾಗ ಲಕ್ಷಗಟ್ಟಲೆ ಜೀವಗಳು ಅದರೊಂದಿಗೆ ಹೋಗುತ್ತವೆ. ಹಳೆಯ ಬೆಲೆಬಾಳುವ ತಂಬೂರಿಗಳ ಕುದುರೆ ದಂತದ್ದು ಅಥವಾ ಕೊಂಬಿನದು, ಅಲಂಕಾರದ ಪಟ್ಟಿಗಳೂ ಹಾಗೆಯೇ. ಸೆಲ್ಯುಲಾಯ್ಡ್ ಪಟ್ಟಿಗಳು ಆಮೇಲೆ ಬಂದವು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳನ್ನು ಹೇಳುವಾಗ ದಂತವಾಣಿಜ್ಯ, ಲಾಕ್ಷಾವಾಣಿಜ್ಯ ಎರಡನ್ನೂ ಸೇರಿಸಿದ್ದಾರೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಅಂಥ ಪಟ್ಟಿಯನ್ನು ಕೊಟ್ಟು, ಸಾವದ್ಯ ಕರ್ಮಗಳು ಎಣಿಕೆಗೆ ಸಿಗುವಂಥವಲ್ಲವೆಂದೂ ಹೇಳುತ್ತಾರೆ.

ಹಾಗಾದರೆ ಅಜ್ಜನ ತಂಬೂರಿಯ ದಂತವನ್ನು ಕಿತ್ತೆಸೆಯಬೇಕೇ? ಸತ್ತ ಆನೆಗೆ ಅದರಿಂದ ಪ್ರಯೋಜನವಿಲ್ಲ. ವಾದ್ಯ ಮಾತ್ರ ಹಾಳು. ಕೃತ, ಕಾರಿತ, ಅನುಮೋದಿತಗಳಲ್ಲಿ ಮೊದಲಿನ ಎರಡು ಮೊಮ್ಮಗನಿಗೆ ತಾಗವು. ದಂತಕ್ಕೆಂದು ಬೆಲೆ ಏರಿಸಿ ಕೇಳಿದ ಕ್ಷಣದಲ್ಲಿ ಮೂರನೆಯದು ತಾಗುತ್ತದೆ. ಇಲ್ಲಿ ರಾಜಶಾಸನವೂ ಧರ್ಮಶಾಸನವೂ ಒಂದಾಗಿವೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1986ರ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿ ಆಫ್ರಿಕದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ದಂತವೋ ಎಲುಬೋ ಎಂದು ತಿಳಿಯದೆ ಮಾರಾಟಕ್ಕೆ ಇಳಿಯುವುದು ಸಲ್ಲದು. ದಂತವೆಂದು ತಿಳಿದರೆ ಮಾರುವ ಮಾತೇ ಇಲ್ಲ. ಅರಣ್ಯ ಇಲಾಖೆಯನ್ನು ವಿಚಾರಿಸಿ, ಕಾನೂನು ಬಯಸುವ ದಾಖಲೆಯೊಡನೆ ಅದು ಮನೆಯಲ್ಲಿಯೇ ಇರಬೇಕು. ಹಳೆಯ ಲೇಪವನ್ನು ಹಾಗೆಯೇ ಉಳಿಸಿದವನು ಒಂದೇ ಕಾರ್ಯದಿಂದ ಎರಡು ವ್ರತಗಳನ್ನು ಕಾಯುತ್ತಾನೆ: ಕೊಳ್ಳುವವನಿಗೆ ವಂಚನೆಯಿಲ್ಲ, ಕೀಟಗಳಿಗೆ ಹೊಸ ಹಿಂಸೆಯಿಲ್ಲ. ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ಕೊಳ್ಳುವವನ ಧರ್ಮವನ್ನು ಯಾರೂ ಹೇಳುವುದಿಲ್ಲ. ಮಾರುವವರಿಗೆ ವಾದ್ಯದ ಯೋಗ್ಯತೆ ತಿಳಿಯದೆಂದು ಕಂಡು, ಇಲ್ಲದ ದೋಷಗಳನ್ನು ಎಣಿಸಿ ಬೆಲೆ ಇಳಿಸುವುದೂ ಅಸತ್ಯವೇ. ಬಸದಿಗಳ ವಿಶ್ವಸ್ತ ಮಂಡಳಿಗಳು ಹಳೆಯ ಹಾರ್ಮೋನಿಯಂ, ತಂಬೂರಿಗಳನ್ನು ವಿಲೇವಾರಿ ಮಾಡುವಾಗ ಇದನ್ನು ಗಮನಿಸಬೇಕು. ಅವು ದಾನದ ವಸ್ತುಗಳು, ಮಂಡಳಿಯದು ಕೇವಲ ಕಾವಲು. ಬಲ್ಲವರೊಬ್ಬರಿಂದ ಪರೀಕ್ಷೆ ಮಾಡಿಸಿ, ಕಂಡದ್ದನ್ನು ರಶೀದಿಯ ಹಿಂದೆ ಬರೆದುಕೊಡಲು ನಾಲ್ಕು ಸಾಲು ಸಾಕು: ಬುರುಡೆಯ ಎಡಬದಿಗೆ ಒಂದು ಸೀಳು, ಕೂಡಿಸಿದೆ. ತಬಲಿ ತುಸು ಕುಸಿದಿದೆ. ಕುದುರೆ ಈಚಿನದು, ಮರದ್ದು. ಪಾಲಿಶ್ ಮೊದಲಿನದೇ, ಕೈ ಒರಗುವಲ್ಲಿ ಸವೆದು ಮರ ಕಾಣುತ್ತದೆ.